ಪ್ರತಿ ಸಲವೂ ಒಂದೇ ಉತ್ತರ, ಆದರೂ ತಪ್ಪು: ಒಂದು ಟಿವಿ ಗೇಮ್ ಚಿಪ್ ಓದಿದ ಪ್ರಕರಣ

ಹಳೆಯ ಟಿವಿ ಗೇಮ್‌ಗಳ ಚಿಪ್ ಓದುವವರಲ್ಲಿ ಒಂದು ನಂಬಿಕೆ ಇದೆ. ಎರಡು ಮೂರು ಸಲ ಓದಿ, ಪ್ರತಿ ಸಲವೂ ಒಂದೇ ಫೈಲ್ ಬಂದರೆ ಡಂಪ್, ಅಂದರೆ ಚಿಪ್‌ನಿಂದ ಹೊರಗೆ ತೆಗೆದ ಆ ಫೈಲ್, ಸರಿಯಾಗಿದೆ ಎಂದು. ಈ ಪ್ರಕರಣದಲ್ಲಿ ಆ ನಂಬಿಕೆ ಮೂರು ಸಲ ಸುಳ್ಳಾಯಿತು. ಮೂರು ಸಲವೂ ಕಾರಣ ಬೇರೆ ಬೇರೆ. ಅದಕ್ಕೇ ಇದನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ.

ಕೆಲಸದಲ್ಲಿ ಮೂರು ಜನ ಇದ್ದೆವು: ಸಾಧನದ ಮಾಲೀಕರು, ಬೆಸುಗೆ ಹಾಕಿದ ಗೆಳತಿ, ಬಂದ ಫೈಲ್‌ಗಳನ್ನು ಬಿಡಿಸಿ ನೋಡಿದ ನಾನು. ಸಾಧನದ ಹೆಸರು, ತಯಾರಕರು, ಅದರಲ್ಲಿದ್ದ ಆಟಗಳು ಯಾವುವು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ.

ಹಿನ್ನೆಲೆ

ಟಿವಿಗೆ ನೇರ ಚುಚ್ಚಿ ಆಡುವ ಜಾಯ್‌ಸ್ಟಿಕ್‌ಗಳು 2000ರ ದಶಕದ ಮೊದಲ ವರ್ಷಗಳಲ್ಲಿ ಜಾಸ್ತಿ ಬಂದವು. ಕ್ಯಾಸೆಟ್ ಇಲ್ಲ, ಡಿಸ್ಕ್ ಇಲ್ಲ. ಆಟಗಳೆಲ್ಲ ಒಳಗಿನ ಒಂದೇ ಚಿಪ್‌ನಲ್ಲಿ. ಇವುಗಳಲ್ಲಿ ಬಹಳಷ್ಟರ ಒಳಗೆ ಇದ್ದದ್ದು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್‌ನ ಇಡೀ ವಿನ್ಯಾಸವನ್ನು ಒಂದೇ ಚಿಪ್‌ಗೆ ಇಳಿಸಿದ ನಕಲು. ಅಂದರೆ 6502 ಜಾತಿಯ ಪ್ರೊಸೆಸರ್, ಅದೇ ಚಿತ್ರ ವ್ಯವಸ್ಥೆ, ಮೇಲೆ ಒಂದಿಷ್ಟು ಹೆಚ್ಚಿನ ಬಣ್ಣ. 2002ರಲ್ಲಿ ಜಾಕ್ಸ್ ಪೆಸಿಫಿಕ್ ತಂದ ಅಟಾರಿ ಜಾಯ್‌ಸ್ಟಿಕ್ ಕೂಡ ಒಳಗೆ ಇಂಥದ್ದೇ. ಹೊರಗೆ ಅಟಾರಿ, ಒಳಗೆ ಫ್ಯಾಮಿಕಾಮ್ ವಂಶದ ಚಿಪ್. ಆಟಗಳನ್ನು ಅದಕ್ಕಾಗಿ ಹೊಸದಾಗಿ ಬರೆದಿದ್ದರು.

ಇಂಥ ಸಾಧನಗಳಲ್ಲಿ ಮಾತ್ರ ಸಿಗುವ ಆಟಗಳಿವೆ, ಅವು ಬೇರೆಲ್ಲೂ ಬಿಡುಗಡೆ ಆಗಿಲ್ಲ. ಆದರೆ ಜನ ಇವನ್ನು ಆಟಿಕೆ ಎಂದುಕೊಂಡು, ಬ್ಯಾಟರಿ ಸೋರಿ ಹಾಳಾದ ಮೇಲೆ ಎಸೆದುಬಿಡುತ್ತಾರೆ. ಉಳಿಸಬೇಕು ಅಂದರೆ ಚಿಪ್‌ನೊಳಗಿನ ಅಂಕಿಗಳನ್ನು ಫೈಲ್ ಆಗಿ ಹೊರಗೆ ತೆಗೆಯಬೇಕು. ಇದೇ ಡಂಪ್. ಬೇರೆ ದಾರಿ ಇಲ್ಲ.

ಮಾಲೀಕರ ಸಾಧನ ನಾಲ್ಕು ಎಎ ಬ್ಯಾಟರಿಯದ್ದು. ಇನ್ನೂ ಕೆಲಸ ಮಾಡುತ್ತಿತ್ತು, ಮೆನು ಬರುತ್ತಿತ್ತು, ಆಟ ಆಡಬಹುದಿತ್ತು. ಇದು ಮುಖ್ಯ. ಡಂಪ್ ಸರಿಯೋ ತಪ್ಪೋ ಎಂದು ಆಮೇಲೆ ಹೋಲಿಸಲು ಬದುಕಿರುವ ಯಂತ್ರಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಮಾಲೀಕರದ್ದು ಎರಡು ಷರತ್ತು: ಫೈಲ್ ಬೇಕು, ಸಾಧನವೂ ಮತ್ತೆ ನಡೆಯಬೇಕು.

ಸಮಸ್ಯೆ

ಬಿಚ್ಚಿದಾಗ ಕಂಡದ್ದು ಚಿಪ್ ಮೇಲೆ ಸುರಿದ ಗಟ್ಟಿ ಅಂಟಿನ ಎರಡು ಕಪ್ಪು ಬೊಟ್ಟು. ಒಂದು ಮುಖ್ಯ ಬೋರ್ಡ್ ಮೇಲೆ, ಅದು ಪ್ರೊಸೆಸರ್. ಇನ್ನೊಂದು ಒಂದು ಪುಟ್ಟ ಬೋರ್ಡ್ ಮೇಲೆ, ಅದು ಆಟಗಳಿರುವ ರೋಮ್, ಅಂದರೆ ಓದಲು ಮಾತ್ರ ಬರುವ ಮೆಮೊರಿ ಚಿಪ್. ಆ ಪುಟ್ಟ ಬೋರ್ಡನ್ನು ಎರಡು ಅಂಚಿನಲ್ಲೂ ಸಾಲಾಗಿ ಬೆಸುಗೆ ಹಾಕಿ ಮುಖ್ಯ ಬೋರ್ಡ್ ಮೇಲೆ ಕೂರಿಸಿದ್ದರು. ಬೊಟ್ಟಿನ ಮೇಲೆ ನಂಬರ್ ಇಲ್ಲ, ಯಾವ ಪ್ಯಾಡ್ ಏನು ಎಂಬ ಬರಹವೂ ಇಲ್ಲ.

ಮಾಲೀಕರ ಮೊದಲ ಆಲೋಚನೆ ಬೊಟ್ಟನ್ನು ಕೆರೆದು ಒಳಗಿನ ಚಿಪ್‌ನ ನಂಬರ್ ನೋಡುವುದು. ಗೆಳತಿ ಸಾರಾಸಗಟಾಗಿ ಬೇಡ ಎಂದರು, ನನ್ನದೂ ಅದೇ ಮಾತು. ಆ ಅಂಟಿನ ಕೆಳಗೆ ಮಾಮೂಲಿ ಚಿಪ್ ಇರುವುದಿಲ್ಲ. ಕವಚವೇ ಇಲ್ಲದ ಬರೀ ಸಿಲಿಕಾನ್ ತುಂಡು, ಅದರಿಂದ ಬೋರ್ಡ್‌ಗೆ ಕೂದಲಿಗಿಂತ ತೆಳುವಾದ ತಂತಿಗಳು. ಅಂಟು ಆ ತಂತಿಗಳನ್ನೆಲ್ಲ ಹಿಡಿದುಕೊಂಡಿರುತ್ತದೆ. ಕೆರೆದರೆ ತಂತಿ ಹರಿಯುತ್ತದೆ, ಅಲ್ಲಿಗೆ ಚಿಪ್ ಮುಗಿಯಿತು. ಆಸಿಡ್ ಹಾಕಿ ತೆರೆಯುವುದು ಪ್ರಯೋಗಾಲಯದ ಕೆಲಸ, ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ಮಾಡುವಂಥದ್ದು. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ನಿರ್ಧಾರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಹಾಗಾದರೆ ಪ್ಯಾಡ್‌ಗಳ ಹೆಸರು ಎಲ್ಲಿಂದ ತಿಳಿಯಬೇಕು? ಉತ್ತರ ಮುಖ್ಯ ಬೋರ್ಡ್ ಮೇಲೇ ಇತ್ತು. ಪುಟ್ಟ ಬೋರ್ಡ್‌ನ ಪಕ್ಕದಲ್ಲಿ, ಚಿಪ್ ಕೂರಿಸದೆ ಖಾಲಿ ಬಿಟ್ಟ 48 ಕಾಲುಗಳ ಜಾಗ. ಟಿಎಸ್ಒಪಿ-48 ಎಂದು ಕರೆಯುವ ಅಳತೆ. ತಯಾರಕರು ಒಂದೇ ಬೋರ್ಡ್‌ನಲ್ಲಿ ಎರಡು ಆಯ್ಕೆ ಇಟ್ಟುಕೊಳ್ಳುತ್ತಾರೆ: ಜಾಸ್ತಿ ಸಂಖ್ಯೆಯಲ್ಲಿ ಮಾಡುವಾಗ ಅಗ್ಗದ ಕಪ್ಪು ಬೊಟ್ಟು, ಕಡಿಮೆ ಮಾಡುವಾಗ ಫ್ಲ್ಯಾಶ್ ಚಿಪ್. ಫ್ಲ್ಯಾಶ್‌ನ ಕಾಲುಗಳ ಕ್ರಮ ಎಲ್ಲ ಕಂಪನಿಯ ಡೇಟಾಶೀಟ್‌ನಲ್ಲೂ ಹೆಚ್ಚುಕಡಿಮೆ ಒಂದೇ. 37ನೇ ಕಾಲು ವಿದ್ಯುತ್, 27 ಮತ್ತು 46 ಗ್ರೌಂಡ್, 26 ಚಿಪ್ ಆರಿಸುವ ಕಾಲು, 28 ಓದುವ ಅನುಮತಿ, 29ರಿಂದ ಡೇಟಾ ಶುರು. ಖಾಲಿ ಜಾಗದ ಪ್ರತಿ ಕಾಲಿನಿಂದ ಪುಟ್ಟ ಬೋರ್ಡ್‌ನ ಪ್ರತಿ ಪ್ಯಾಡ್‌ಗೆ ಮಲ್ಟಿಮೀಟರ್ ಬೀಪ್ ಇಟ್ಟು ನೋಡಿದರೆ ನಕ್ಷೆ ತಾನಾಗಿ ಬರುತ್ತದೆ. ಬೇಸರದ ಕೆಲಸ, ಆದರೆ ಊಹೆ ಇಲ್ಲದ ಕೆಲಸ.

ಬೋರ್ಡ್ ಬಿಡಿಸಿದ್ದು, ತಂತಿ ಹಾಕಿದ್ದು

ಇಲ್ಲಿ ಎರಡು ದಾರಿ ಇತ್ತು. ಪುಟ್ಟ ಬೋರ್ಡನ್ನು ಅಲ್ಲೇ ಬಿಟ್ಟು, ಪ್ರೊಸೆಸರನ್ನು ರೀಸೆಟ್‌ನಲ್ಲಿ ಹಿಡಿದು (ಅಂದರೆ ನಡೆಯದಂತೆ ತಡೆದು), ಖಾಲಿ ಜಾಗಕ್ಕೆ ತಂತಿ ಹಾಕಿ ಓದುವುದು ಒಂದು. ಇದರಲ್ಲಿ ಬಿಸಿ ತಾಗಿಸುವ ಕೆಲಸ ಕಡಿಮೆ. ಆದರೆ ರೀಸೆಟ್‌ನಲ್ಲಿ ಹಿಡಿದರೆ ಪ್ರೊಸೆಸರ್ ತನ್ನ ವಿಳಾಸದ ಲೈನ್‌ಗಳನ್ನು, ಅಂದರೆ ಯಾವ ಜಾಗ ಓದಬೇಕು ಎಂದು ಚಿಪ್‌ಗೆ ಹೇಳುವ ಲೈನ್‌ಗಳನ್ನು, ಬಿಟ್ಟುಕೊಡುತ್ತದೆ ಎಂಬ ಖಾತ್ರಿ ಎಲ್ಲ ಚಿಪ್‌ಗೂ ಇಲ್ಲ. ಬಿಡದಿದ್ದರೆ ಒಂದೇ ಲೈನನ್ನು ಇಬ್ಬರು ಎರಡು ಕಡೆಗೆ ಎಳೆದಂತೆ. ತಪ್ಪು ಡೇಟಾ ಬರುತ್ತದೆ, ಕರೆಂಟ್ ಜಾಸ್ತಿ ಹರಿದು ಚಿಪ್ ಸುಡಲೂಬಹುದು. ಎರಡನೇ ದಾರಿ ಪುಟ್ಟ ಬೋರ್ಡನ್ನು ಪೂರ್ತಿ ಬಿಡಿಸಿ ಪ್ರತ್ಯೇಕವಾಗಿ ಓದುವುದು.

ಗೆಳತಿ ಎರಡನೆಯದನ್ನು ಆರಿಸಿಕೊಂಡರು. ಬಿಸಿಗಾಳಿ ಬಳಸಲಿಲ್ಲ, ಅಂಟಿನೊಳಗಿನ ತಂತಿಗಳಿಗೆ ಅಷ್ಟು ಶಾಖ ಬೇಡ ಎಂದರು. ಬಿಸ್ಮತ್ ಬೆರೆತ, ಕಡಿಮೆ ಶಾಖಕ್ಕೇ ಕರಗುವ ಬೆಸುಗೆಯನ್ನು ಎರಡೂ ಅಂಚಿಗೆ ಹರಡಿ, ಎಲ್ಲ ಪ್ಯಾಡೂ ಒಟ್ಟಿಗೆ ಕರಗಿರುವಾಗ ಬೋರ್ಡ್ ಎತ್ತಿದರು. ಮುಖ್ಯ ಬೋರ್ಡ್‌ನ ಒಂದು ಪ್ಯಾಡ್ ಜೊತೆಗೇ ಕಿತ್ತುಬಂತು. ಅದು ಯಾವ ಲೈನ್ ಎಂದು ಅಲ್ಲೇ ಬರೆದಿಟ್ಟುಕೊಂಡರು.

ಬಿಡಿಸುವ ಮೊದಲೇ ಮಾಡಿದ್ದ ಒಂದು ಕೆಲಸ ಇಲ್ಲಿ ಉಪಯೋಗಕ್ಕೆ ಬಂತು. ಸಾಧನ ನಡೆಯುತ್ತಿರುವಾಗಲೇ 37ನೇ ಕಾಲಿನಲ್ಲಿ ವೋಲ್ಟೇಜ್ ಅಳೆದಿದ್ದೆವು: 3.3. ಬ್ಯಾಟರಿಯ 6 ವೋಲ್ಟ್ ಅನ್ನು ರೆಗ್ಯುಲೇಟರ್ ಅಷ್ಟಕ್ಕೆ ಇಳಿಸುತ್ತಿತ್ತು. ಚಿಪ್ ಓದಲು ಮಾಲೀಕರ ಹತ್ತಿರ ಇದ್ದ ಮೈಕ್ರೋಕಂಟ್ರೋಲರ್ ಬೋರ್ಡ್ 5 ವೋಲ್ಟ್‌ದು, ಈ ಚಿಪ್‌ಗೆ ಅದು ಜಾಸ್ತಿ. ಓದುವ ತವಕ ಎಲ್ಲರಿಗೂ ಇತ್ತು, ಆದರೂ 3.3 ವೋಲ್ಟ್ ಬೋರ್ಡ್ ಸಿಗುವವರೆಗೆ ಕಾಯ್ದೆವು. ವಿಳಾಸಕ್ಕೆ 21 ಲೈನ್, ಡೇಟಾಕ್ಕೆ 16, ನಿಯಂತ್ರಣಕ್ಕೆ 2. ಒಟ್ಟು 39 ತಂತಿ, ಮೇಲೆ ವಿದ್ಯುತ್ ಮತ್ತು ಗ್ರೌಂಡ್.

ಮೊದಲ ಓದಿನಲ್ಲಿ ಪ್ರತಿ ಸಲವೂ ಬೇರೆ ಫೈಲ್ ಬಂತು. ಇದು ಸುಲಭದ ಸಮಸ್ಯೆ. ತಂತಿ ಉದ್ದವಾಗಿದ್ದವು, ವಿದ್ಯುತ್ ಪ್ಯಾಡ್‌ನ ಪಕ್ಕ ಕೆಪಾಸಿಟರ್ ಇರಲಿಲ್ಲ. ತಂತಿ ಮೋಟು ಮಾಡಿ, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕಿ, ವಿಳಾಸ ಕೊಟ್ಟ ಮೇಲೆ ಓದುವ ಮೊದಲು ಸ್ವಲ್ಪ ಹೆಚ್ಚು ಹೊತ್ತು ಕಾಯುವಂತೆ ಪ್ರೋಗ್ರಾಂ ಬದಲಿಸಿದರು. ಆಮೇಲೆ ಸಿಆರ್‌ಸಿ-32, ಅಂದರೆ ಫೈಲ್‌ನ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಅಂಕಿ, ಪ್ರತಿ ಸಲವೂ ಒಂದೇ. ಮಾಲೀಕರಿಗೆ ಖುಷಿಯೋ ಖುಷಿ. ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು.

ಸ್ಥಿರವಾಗಿದ್ದ ಮೂರು ತಪ್ಪುಗಳು

ಫೈಲ್ ಕೈಗೆ ಬಂದಾಗ ನಾನು ಮೊದಲು ಮಾಡುವುದು ಅದನ್ನು ಎಮ್ಯುಲೇಟರ್‌ಗೆ (ಹಳೆಯ ಯಂತ್ರದಂತೆ ನಡೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂಗೆ) ಹಾಕುವುದಲ್ಲ. ಲೈನ್ ಲೈನ್ ಆಗಿ ಪರೀಕ್ಷೆ. ಪ್ರತಿ ಡೇಟಾ ಲೈನ್ ಇಡೀ ಫೈಲ್‌ನಲ್ಲಿ ಒಮ್ಮೆಯಾದರೂ ಸೊನ್ನೆ, ಒಮ್ಮೆಯಾದರೂ ಒಂದು ಆಗಿದೆಯಾ? ಪ್ರತಿ ವಿಳಾಸ ಲೈನ್‌ಗೆ, ಅದೊಂದು ಮಾತ್ರ ಬೇರೆಯಾಗಿರುವ ಜಾಗಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ ಎಲ್ಲಾದರೂ ವ್ಯತ್ಯಾಸ ಇದೆಯಾ? ನಾಲ್ಕು ಸಾಲಿನ ಪ್ರೋಗ್ರಾಂ ಸಾಕು.

ಡೇಟಾ ಲೈನ್‌ಗಳೆಲ್ಲ ಪಾಸಾದವು. ವಿಳಾಸದಲ್ಲಿ ಎರಡು ಸಿಕ್ಕಿಬಿದ್ದವು: ಎ13 ಮತ್ತು ಎ20 (ಎ ಎಂದರೆ ವಿಳಾಸ ಲೈನ್, ಎಣಿಕೆ ಎ0ಯಿಂದ ಶುರು).

ಎ13ರದ್ದು ಸ್ಪಷ್ಟ. ಪ್ರತಿ 16 ಕಿಲೋಬೈಟ್ ತುಂಡು ಎರಡೆರಡು ಸಲ ಬರುತ್ತಿತ್ತು, ಫೈಲ್‌ನ ಉದ್ದಕ್ಕೂ. ಯಾವ ಆಟವನ್ನೂ ಯಾರೂ ಹೀಗೆ ಬರೆಯುವುದಿಲ್ಲ. ನೋಡಿದರೆ ಆ ತಂತಿಯ ಬೆಸುಗೆ ಕಣ್ಣಿಗೆ ಚೆನ್ನಾಗಿದ್ದರೂ ಒಳಗೆ ಹಿಡಿದಿರಲಿಲ್ಲ. ಲೈನ್ ತೇಲುತ್ತಿತ್ತು, ಆದರೆ ಯಾವಾಗಲೂ ಸೊನ್ನೆಯ ಕಡೆಗೇ ಒರಗಿ ನಿಂತಿತ್ತು. ಅದಕ್ಕೇ ಫೈಲ್ ಒಂದೇ ಥರ ಬರುತ್ತಿತ್ತು. ಮತ್ತೆ ಬೆಸುಗೆ ಹಾಕಿದ ಮೇಲೆ ಸರಿಹೋಯಿತು.

ಎ20 ಅಷ್ಟು ಸುಲಭವಾಗಿರಲಿಲ್ಲ. 4 ಮೆಗಾಬೈಟ್ ಓದಿದರೆ ಎರಡನೇ ಅರ್ಧ ಮೊದಲ ಅರ್ಧದ ನಕಲು. ಇದು ಎರಡು ಕಾರಣಕ್ಕೆ ಆಗಬಹುದು: ಲೈನ್ ಮುಟ್ಟಿಲ್ಲ, ಅಥವಾ ಚಿಪ್ ಇರುವುದೇ 2 ಮೆಗಾಬೈಟ್. ಮಾಲೀಕರು ಎರಡನೆಯದನ್ನೇ ನಂಬಲು ತಯಾರಿದ್ದರು. ಅದು ಅಸಾಧ್ಯವೇನೂ ಅಲ್ಲ. ಆದರೆ ಗೆಳತಿಯ ನಕ್ಷೆಯಲ್ಲಿ ಒಂದು ವಿಷಯ ಕೂತು ಕೊರೆಯುತ್ತಿತ್ತು. ಖಾಲಿ ಜಾಗದ 10ನೇ ಕಾಲು, ಅಂದರೆ ಎ20, ಪುಟ್ಟ ಬೋರ್ಡ್‌ನ ಯಾವ ಪ್ಯಾಡ್‌ಗೂ ಬೀಪ್ ಕೊಟ್ಟಿರಲಿಲ್ಲ. ಪುಟ್ಟ ಬೋರ್ಡ್‌ನ ಒಂದು ಪ್ಯಾಡ್‌ಗೆ ಹೆಸರೇ ಇರಲಿಲ್ಲ. ಅವರು ಆ ಅನಾಥ ಪ್ಯಾಡ್‌ನ ಜಾಡು ಹಿಡಿದರು. ಅದು ಖಾಲಿ ಜಾಗವನ್ನು ಸುತ್ತುಹಾಕಿ ಬೇರೆ ಹಾದಿಯಲ್ಲಿ ನೇರವಾಗಿ ಪ್ರೊಸೆಸರ್ ಕಡೆಗೆ ಹೋಗಿತ್ತು. 10ನೇ ಕಾಲಿಗೆ ಸೇರಬೇಕಾದ ಜಾಗದಲ್ಲಿ ಒಂದು ರೆಸಿಸ್ಟರ್ ಕೂರಿಸದೆ ಬಿಟ್ಟಿದ್ದರು.

ಹೆಸರಿಲ್ಲದ ಪ್ಯಾಡ್‌ಗೆ ನೇರವಾಗಿ ವೋಲ್ಟೇಜ್ ಕೊಡಲಿಲ್ಲ. ಅದು ಒಳಗೆ ಬರುವ ಲೈನೋ ಹೊರಗೆ ಹೋಗುವ ಲೈನೋ ಆಗ ಗೊತ್ತಿರಲಿಲ್ಲ. 10 ಕಿಲೋಓಮ್ ರೆಸಿಸ್ಟರ್ ಮೂಲಕ 3.3 ವೋಲ್ಟ್‌ಗೆ ಎಳೆದರು. ಹಾಗೆ ಮಾಡಿದರೆ ಊಹೆ ತಪ್ಪಾದರೂ ಮಿಲಿಆಂಪಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹರಿಯುವುದಿಲ್ಲ. ಮತ್ತೆ ಓದಿದಾಗ ಬಂದದ್ದು ಪೂರ್ತಿ ಹೊಸ 2 ಮೆಗಾಬೈಟ್. ಅರ್ಧ ಆಟಗಳು ಅಲ್ಲಿದ್ದವು. ಮೆನುವಿನಲ್ಲಿದ್ದ ಅಷ್ಟೂ ಆಟಗಳು ಮೊದಲರ್ಧದಲ್ಲೇ ಹಿಡಿಯುತ್ತವೆ ಎಂದು ಒಪ್ಪಿಕೊಂಡು ನಿಲ್ಲಿಸಿದ್ದರೆ ಅವು ಅಲ್ಲೇ ಉಳಿಯುತ್ತಿದ್ದವು. ಅದಾದ ಮೇಲೆ ನಾನು ಎಲ್ಲರಿಗೂ ಹೇಳುವುದು ಒಂದೇ: ಒಂದು ಪ್ಯಾಡ್‌ಗೂ ಹೆಸರು ಬಾಕಿ ಇರುವವರೆಗೆ ಗಾತ್ರವನ್ನು ತೀರ್ಮಾನಿಸಬೇಡಿ.

ಮೂರನೆಯದು ನನಗೆ ಅತಿ ಇಷ್ಟವಾದ ಭಾಗ. ಈಗ ಲೈನ್‌ಗಳೆಲ್ಲ ಜೀವಂತ, ಫೈಲ್ ಸ್ಥಿರ, ಗಾತ್ರ ಪೂರ್ತಿ. ಆದರೆ ಎಮ್ಯುಲೇಟರ್‌ನಲ್ಲಿ ಬರೀ ಬೂದು ಪರದೆ. ಚಿತ್ರಗಳನ್ನು ಬಿಡಿಸುವ ಪ್ರೋಗ್ರಾಂನಲ್ಲಿ ತೆರೆದರೆ ಅಕ್ಷರಗಳು ಓದಲು ಬರುತ್ತಿದ್ದವು, ಆದರೆ ಬಲ ಅಂಚಿನಲ್ಲಿ ಏನೋ ಮುರಿದಂತೆ. ಮಾಲೀಕರು ಅದು ಆ ಫಾಂಟಿನ ಶೈಲಿ ಇರಬಹುದು ಎಂದುಕೊಂಡಿದ್ದರು.

ಫ್ಯಾಮಿಕಾಮ್ ವಂಶದ ಆಟಗಳಲ್ಲಿ ಶುರುವಿನಲ್ಲೇ ಪದೇ ಪದೇ ಕಾಣುವ ಒಂದು ಸಣ್ಣ ಸುತ್ತು ಇದೆ. ಪರದೆ ಒಂದು ಸಲ ಬರೆದು ಮುಗಿಯುವವರೆಗೆ ಕಾಯುವುದು ಅದರ ಕೆಲಸ. ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಬರೆದರೆ ಐದು ಬೈಟ್: ಎಡಿ 02 20 10 ಎಫ್‌ಬಿ. ವಿಳಾಸದ ಎರಡು ಬೈಟ್ ಹಿಂದುಮುಂದಾಗಿ ಕೂರುತ್ತವೆ. 2002 ಎಂಬ ವಿಳಾಸ ಓದು, ಇನ್ನೂ ಆಗಿಲ್ಲವಾದರೆ ಹಿಂದಕ್ಕೆ ಹೋಗು, ಅಷ್ಟೇ ಅದರ ಅರ್ಥ. ಇದನ್ನು ಹುಡುಕಿದೆ, ಒಂದೂ ಸಿಗಲಿಲ್ಲ. ಆಮೇಲೆ ನಡುವಿನ 20 10 ಎಂಬ ಜೋಡಿಯನ್ನಷ್ಟೇ ಹುಡುಕಿ ಅಕ್ಕಪಕ್ಕ ನೋಡಿದೆ. ಮತ್ತೆ ಮತ್ತೆ ಕಂಡದ್ದು ಎಬಿ 04 20 10 ಎಫ್‌ಡಿ.

ಹೋಲಿಸಿ ನೋಡಿ. 20 ಮತ್ತು 10 ಹಾಗೇ ಇವೆ. ಎಡಿ ಹೋಗಿ ಎಬಿ ಆಗಿದೆ, 02 ಹೋಗಿ 04, ಎಫ್‌ಬಿ ಹೋಗಿ ಎಫ್‌ಡಿ. ಬಿಟ್‌ಗಳಲ್ಲಿ ಬರೆದರೆ ಮೂರರಲ್ಲೂ ಬದಲಾದದ್ದು ಅದೇ ಎರಡು ಬಿಟ್: ಡಿ1 ಮತ್ತು ಡಿ2 (ಡಿ ಎಂದರೆ ಡೇಟಾ ಲೈನ್, ಎಣಿಕೆ ಡಿ0ಯಿಂದ). ಒಂದರ ಜಾಗದಲ್ಲಿ ಇನ್ನೊಂದು ಕೂತಿದೆ. 20 ಮತ್ತು 10ರಲ್ಲಿ ಆ ಎರಡೂ ಬಿಟ್ ಸೊನ್ನೆ, ಹಾಗಾಗಿ ಅದಲು ಬದಲಾದರೂ ತಿಳಿಯುವುದಿಲ್ಲ. ಸಮ ವಿಳಾಸದಲ್ಲೂ ಬೆಸ ವಿಳಾಸದಲ್ಲೂ ಇದೇ ಮಾದರಿ ಸಿಕ್ಕಿತು, ಅಂದರೆ ಮೇಲಿನ ಬೈಟ್‌ನ ಡಿ9 ಮತ್ತು ಡಿ10 ಕೂಡ ಹೀಗೇ. ಅಕ್ಷರದ ಬಲ ಅಂಚು ಮುರಿದದ್ದಕ್ಕೂ ಕಾರಣ ಸಿಕ್ಕಿತು. ಎಂಟು ಚುಕ್ಕೆ ಅಗಲದ ಚಿತ್ರದಲ್ಲಿ ಈ ಎರಡು ಬಿಟ್ ಎಂದರೆ ಎಡದಿಂದ ಆರನೇ ಮತ್ತು ಏಳನೇ ಕಾಲಂ.

ಬಿಟ್‌ಗಳನ್ನು ತಿರುಗಿಸಿ ಕೂರಿಸಿದೆ. ಪ್ರೊಸೆಸರ್ ಶುರುವಾಗುವಾಗ ಮೊದಲು ಎಲ್ಲಿಗೆ ಹೋಗಬೇಕು ಎಂಬ ವಿಳಾಸ 6502ರಲ್ಲಿ ಕೊನೆಯ ಆರು ಬೈಟ್‌ಗಳಲ್ಲಿ ಇರುತ್ತದೆ. ಮೊದಲು ಆ ವಿಳಾಸ ಯಾವುದೋ ಆದೇಶದ ನಡುವಿಗೆ ಹೋಗುತ್ತಿತ್ತು. ಈಗ ನೆಟ್ಟಗೆ 78 ಡಿ8 ಇರುವಲ್ಲಿಗೆ ಹೋಯಿತು. ಇಂಟರಪ್ಟ್ ನಿಲ್ಲಿಸು, ದಶಮಾಂಶ ಲೆಕ್ಕ ಬಿಡು ಎಂಬ ಆ ಎರಡು ಆದೇಶ ಇಂಥ ಆಟಗಳಲ್ಲಿ ಮಾಮೂಲಿ ಆರಂಭ. ಮೆನು ಬಂತು.

ಯಾವ ಫೈಲ್ ಅಸಲಿ?

ಇಲ್ಲಿ ಒಂದು ವಾದ ಆಯಿತು, ಅದು ಬೇಕಾದ ವಾದವೇ. ತಂತಿ ಅದಲು ಬದಲಾಗಿದೆ ಎಂದು ಮೊದಲ ಸಂಶಯ ಗೆಳತಿಯ ಕೈಕೆಲಸದ ಮೇಲೆ ಹೋಯಿತು. ಅವರು ಸುಮ್ನೆ ಮೀಟರ್ ತೆಗೆದು ಪ್ರತಿ ಡೇಟಾ ತಂತಿಯನ್ನೂ ಖಾಲಿ ಜಾಗದ ಕಾಲಿನ ಲೆಕ್ಕಕ್ಕೆ ಮತ್ತೆ ತಾಳೆ ನೋಡಿದರು. ಎಲ್ಲ ಸರಿ. ಹಾಗಾದರೆ ಅದಲು ಬದಲು ಇರುವುದು ಖಾಲಿ ಜಾಗಕ್ಕೂ ಪ್ರೊಸೆಸರ್‌ಗೂ ನಡುವೆ, ಅಥವಾ ಪ್ರೊಸೆಸರ್ ಒಳಗೆ. ಬೋರ್ಡ್ ಮೇಲೆ ಜಾಡು ಎಳೆಯುವಾಗ ಸುಲಭವಾಗಲಿ ಎಂದೂ ಲೈನ್ ಅದಲು ಬದಲು ಮಾಡುತ್ತಾರೆ, ನಕಲು ಮಾಡುವವರಿಗೆ ತೊಂದರೆಯಾಗಲಿ ಎಂದೂ ಮಾಡುತ್ತಾರೆ.

ಮಾಲೀಕರಿಗೆ ನಡೆಯುವ ಫೈಲ್ ಸಾಕಿತ್ತು. ತಿದ್ದಿದ್ದನ್ನು ಇಟ್ಟು ಹಳೆಯದನ್ನು ಅಳಿಸೋಣ ಎಂದರು. ನಾನು ಒಪ್ಪಲಿಲ್ಲ. ಚಿಪ್ ಕೊಟ್ಟದ್ದು ಹೇಗಿತ್ತೋ ಹಾಗೆ ಇರುವ ಫೈಲೇ ಅಸಲಿ. ಎರಡು ಬಿಟ್ ತಿರುಗಿಸುವುದು ಯಾವಾಗ ಬೇಕಾದರೂ ಆಗುತ್ತದೆ ನಿಜ. ಆದರೆ ನಾಳೆ ಇನ್ನೊಬ್ಬರು ಇದೇ ಸಾಧನವನ್ನು ಕಾಲಿನ ಲೆಕ್ಕಕ್ಕೆ ಸರಿಯಾಗಿ ಓದಿದರೆ ಅವರ ಎಸ್‌ಎಚ್‌ಎ-1, ಅಂದರೆ ಫೈಲ್‌ನ ಬೆರಳಚ್ಚಿನಂಥ ಅಂಕಿ, ನಮ್ಮ ತಿದ್ದಿದ ಫೈಲ್‌ಗೆ ತಾಳೆ ಆಗುವುದಿಲ್ಲ. ಯಾರದ್ದು ಸರಿ ಎಂದು ಇಬ್ಬರೂ ತಲೆ ಕೆಡಿಸಿಕೊಳ್ಳಬೇಕು. 1997ರಲ್ಲಿ ಶುರುವಾದ, ಹಳೆಯ ಗೇಮ್ ಯಂತ್ರಗಳ ಎಮ್ಯುಲೇಟರ್ ಆದ ಮೇಮ್ ಯೋಜನೆ ಇಂಥ ಕಡೆ ಮಾಡುವುದೂ ಹೀಗೇ: ಫೈಲ್ ಮುಟ್ಟುವುದಿಲ್ಲ, ಬಿಟ್ ತಿರುಗಿಸುವ ಕೆಲಸ ಆ ಯಂತ್ರದ ಡ್ರೈವರ್ (ಅದಕ್ಕೆಂದೇ ಬರೆದ ಪ್ರೋಗ್ರಾಂ ಭಾಗ) ಒಳಗೆ ನಡೆಯುತ್ತದೆ. ಕೊನೆಗೆ ಎರಡೂ ಉಳಿದವು, ಅಸಲಿ ಯಾವುದು ಎಂದು ಹೆಸರಿನಲ್ಲೇ ಬರೆದು. ಜೊತೆಗೆ ಪ್ಯಾಡ್‌ಗಳ ನಕ್ಷೆ, ಬೋರ್ಡ್‌ನ ಎರಡೂ ಕಡೆಯ ಫೋಟೋ, ಓದಿದ ವೋಲ್ಟೇಜ್. ಆಟಗಳ ಹಕ್ಕು ಇನ್ನೂ ಬೇರೆಯವರದ್ದು, ಹಾಗಾಗಿ ಫೈಲನ್ನು ಮಾಲೀಕರು ಯಾರಿಗೂ ಹಂಚಿಲ್ಲ. ಎಸ್‌ಎಚ್‌ಎ-1 ಮತ್ತು ನಕ್ಷೆ ಮಾತ್ರ ಹಂಚಿದ್ದಾರೆ.

ಏನಾಯಿತು, ಏನು ಬಾಕಿ

ಕೊನೆಯ ಖಾತ್ರಿಗಾಗಿ 3.3 ವೋಲ್ಟ್‌ನಲ್ಲೂ 3.0 ವೋಲ್ಟ್‌ನಲ್ಲೂ, ವೇಗವಾಗಿಯೂ ನಿಧಾನವಾಗಿಯೂ ಓದಿದೆವು. ಬದಲಾಗಲಿಲ್ಲ. ಗೆಳತಿ ಪುಟ್ಟ ಬೋರ್ಡನ್ನು ವಾಪಸ್ ಕೂರಿಸಿದರು. ಕಿತ್ತುಬಂದ ಪ್ಯಾಡ್ ಇದ್ದಲ್ಲಿ ತೆಳು ಎನಾಮಲ್ ತಂತಿಯಿಂದ ಆ ಲೈನ್‌ನ ಮುಂದಿನ ರಂಧ್ರಕ್ಕೆ ಸೇರಿಸಿದರು. ಸಾಧನ ಮೊದಲಿನಂತೆ ನಡೆಯುತ್ತಿದೆ.

ಎಮ್ಯುಲೇಟರ್‌ನಲ್ಲಿ ಒಂದು ಆಟದ ಬಣ್ಣ ಪೂರ್ತಿ ತಪ್ಪು ಬರುತ್ತದೆ. ಇದು ಡಂಪ್‌ನ ತಪ್ಪು ಅಲ್ಲ ಎಂಬುದು ನನ್ನ ತೀರ್ಮಾನ. ಓದುವಾಗ ಒಂದು ಬಿಟ್ ತಪ್ಪಿದರೆ ಎಲ್ಲೋ ಒಂದು ಚುಕ್ಕೆ ಕೆಡುತ್ತದೆ, ಅಥವಾ ಆಟ ನಿಂತುಹೋಗುತ್ತದೆ. ಒಂದೇ ಆಟದ ಎಲ್ಲ ಬಣ್ಣ ಒಟ್ಟಿಗೆ ಕೆಡುವುದು ತೀರಾ ಅಪರೂಪ. ನಿಜವಾದ ಸಾಧನದಲ್ಲಿ ಅದೇ ಆಟ ಸರಿಯಾದ ಬಣ್ಣದಲ್ಲಿ ಬರುತ್ತದೆ. ನಕಲು ಚಿಪ್‌ನ ಹೆಚ್ಚಿನ ಬಣ್ಣದ ವ್ಯವಸ್ಥೆಯನ್ನು ಆ ಆಟ ಬಳಸುತ್ತಿರಬೇಕು.

ಅದೇ ಮಾದರಿಯ ಇನ್ನೊಂದು ಸಾಧನ ಈಗ ಮಾಲೀಕರ ಕೈಗೆ ಬಂದಿದೆ. ಅದರಲ್ಲಿ ಪುಟ್ಟ ಬೋರ್ಡ್ ಇಲ್ಲ, ಖಾಲಿ ಇದ್ದ ಆ 48 ಕಾಲಿನ ಜಾಗದಲ್ಲಿ ಫ್ಲ್ಯಾಶ್ ಚಿಪ್ ಇದೆ. ಇದನ್ನು ಬೇಗ ಓದಬೇಕು. ಫ್ಲ್ಯಾಶ್ ಡೇಟಾವನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ. ಡೇಟಾಶೀಟ್‌ಗಳಲ್ಲಿ ಸಾಮಾನ್ಯವಾಗಿ ಕೊಡುವ ಅವಧಿ 20 ವರ್ಷ, ಈ ಸಾಧನಗಳಿಗೆ ಆಗಲೇ ಅಷ್ಟು ವಯಸ್ಸು. ಇದರಲ್ಲಿ ನಮಗೆ ಮೊದಲ ಸಲ ಇಲ್ಲದ ಒಂದು ಅನುಕೂಲವೂ ಇದೆ. ಇಂಥ ಫ್ಲ್ಯಾಶ್‌ಗೆ 55 ಎಂಬ ವಿಳಾಸದಲ್ಲಿ 98 ಬರೆದರೆ ಅದು ತನ್ನ ಪರಿಚಯ ಹೇಳುತ್ತದೆ, ಶುರುವಿನಲ್ಲಿ ಕ್ಯೂ, ಆರ್, ವೈ ಎಂಬ ಮೂರು ಅಕ್ಷರ. ತಂತಿ ಸರಿ ಇದ್ದರೆ 51 52 59 ಬರಬೇಕು. ನಾವು ಡಿ1 ಮತ್ತು ಡಿ2 ಅದಲು ಬದಲು ಮಾಡಿದ್ದರೆ ನಡುವಿನದ್ದು 54 ಆಗಿ ಬರುತ್ತದೆ. ಅಕ್ಷರಗಳು ಸರಿಯಾಗಿ ಬಂದೂ ಆಟದ ಡೇಟಾ ಮಾತ್ರ ಅದಲು ಬದಲಾಗಿದ್ದರೆ, ಅದು ಬೋರ್ಡ್ ಅಥವಾ ಪ್ರೊಸೆಸರ್‌ನದ್ದೇ ಎಂದು ಮೊದಲ ಸಲ ಚಿಪ್‌ನ ಬಾಯಿಂದಲೇ ತಿಳಿಯುತ್ತದೆ. ಚಿಪ್ ಕೂರಿಸಿ ಓದುವ ಅಡಾಪ್ಟರ್ ಬಂದಿದೆ, 10ನೇ ಕಾಲಿನ ರೆಸಿಸ್ಟರ್ ಈ ಬೋರ್ಡ್‌ನಲ್ಲಿ ಕೂರಿಸಿದ್ದಾರೆ ಎಂದು ಗೆಳತಿ ಆಗಲೇ ನೋಡಿಟ್ಟಿದ್ದಾರೆ.